ಹೊನ್ನಿ ಹಸುವಾದ ಮಳೆಗಾಲ

ಇಪ್ಪತ್ತು ಮುಖದ ಆ ಹಸಿರು ದಾಳದಲ್ಲಿ ಇಪ್ಪತ್ತರ ಸೊನ್ನೆಗೆ ತುಂಬಿದ್ದ ಬಿಳಿ ಬಣ್ಣ ಉದುರಿಹೋಗಿತ್ತು. ದೂರದಿಂದ ನೋಡಿದರೆ ಬರೀ ಎರಡು. ಸೊನ್ನೆ ಇದ್ದ ಕಡೆ ಉಗುರಿಟ್ಟರೆ ಮಾತ್ರ ಒಂದು ಸಣ್ಣ ಗೀರು ತಗಲುತ್ತಿತ್ತು. ನಿಜವಾದ ಎರಡು ಅದರ ಪಕ್ಕದ ಮುಖದಲ್ಲೇ ಇತ್ತು. ಹೊಸಬರಾದರೆ ಎಲ್ಲಕ್ಕಿಂತ ಒಳ್ಳೆಯ ಸಂಖ್ಯೆ ಬಿದ್ದಾಗಲೂ ಕೆಟ್ಟದ್ದೆಂದು ಓದಿ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು. ನಮಗೆ ನಾಲ್ವರಿಗೂ ಅದರ ಗುರುತಿತ್ತು.

ಹೋದ ತಿಂಗಳು ಅತ್ತಿಗುಪ್ಪೆಯ ದೊಡ್ಡಮ್ಮನ ಮನೆಗೆ ಹೋಗಿದ್ದಾಗ ಆ ದಾಳ ಅವರ ಹೊಲಿಗೆ ಡಬ್ಬಿಯಲ್ಲಿ, ಹುಕ್ಕು ಗುಂಡಿಗಳ ನಡುವೆ ಸಿಕ್ಕಿತು.

"ನಿಮ್ಮ ರಾಕ್ಷಸನ ಆಟದ್ದು ಕಣೇ ಅದು. ಮೇಲಿನ ರೂಮು ಒಡೆದಾಗ ಸಿಕ್ತು. ಎಸೆಯೋಕೆ ಮನಸ್ಸು ಬರ್ಲಿಲ್ಲ," ಎಂದರು ದೊಡ್ಡಮ್ಮ.

ಮೇಲಿನ ರೂಮು ಈಗಿಲ್ಲ. ಅಲ್ಲೀಗ ಎರಡು ಕೋಣೆಯ ಗಟ್ಟಿ ಮನೆ ಇದೆ, ಬಾಡಿಗೆಗೆ ಒಂದು ಸಂಸಾರ ಇದೆ, ಕಿಟಕಿಯಲ್ಲಿ ತುಳಸಿ ಕುಂಡ ಇದೆ. ಪಕ್ಕದ ಖಾಲಿ ಸೈಟೂ ಹೋಗಿದೆ. ಹರಳು ಗಿಡ, ಲಂಟಾನ, ಯಾರೋ ಸುರಿದು ಮರೆತ ಜಲ್ಲಿ ರಾಶಿ ಇದ್ದ ಆ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ದಾಳವನ್ನು ಮುಷ್ಟಿಯಲ್ಲಿಟ್ಟುಕೊಂಡು ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತಿದ್ದೆ. ಆಗ ಮಳೆ ಬರುತ್ತಿತ್ತು. ಗಟ್ಟಿ ಮನೆಯ ಮೇಲೆ ಬೀಳುವ ಮಳೆಗೆ ಸದ್ದೇ ಇರುವುದಿಲ್ಲ.

ಆ ರೂಮಿಗೆ ಸಿಮೆಂಟ್ ಶೀಟಿನ ಚಾವಣಿ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ರಾಜಾಜಿನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೊದಲ ವರ್ಷ ನಾನು ದೊಡ್ಡಮ್ಮನ ಮನೆಯಲ್ಲಿದ್ದೆ. ಮಳೆಗಾಲ ಮುಗಿದ ಕೂಡಲೇ ಶೀಟು ತೆಗೆದು ಕಾಂಕ್ರೀಟಿನ ಮೋಲ್ಡ್ ಹಾಕಿಸುವುದೆಂದು ದೊಡ್ಡಪ್ಪ ತೀರ್ಮಾನ ಮಾಡಿದ್ದರು. ಅಲ್ಲಿಯವರೆಗೆ ಭಾನುವಾರದ ಮಧ್ಯಾಹ್ನಗಳಿಗೆ ಆ ರೂಮು ನಮ್ಮದು.

ಆಟವನ್ನು ದೊಡ್ಡಮ್ಮನಿಗೆ ವಿವರಿಸಿದ ಹಾಗೆಯೇ ಇಲ್ಲೂ ಹೇಳುತ್ತೇನೆ. ನಾಲ್ಕು ಜನ ಮೇಜಿನ ಸುತ್ತ ಕೂತು ಬಾಯಲ್ಲೇ ಒಂದು ಕಥೆ ಕಟ್ಟುತ್ತೇವೆ. ಮೂವರು ಒಂದೊಂದು ಪಾತ್ರ ವಹಿಸುತ್ತಾರೆ. ಉಳಿದ ಇಡೀ ಲೋಕ, ಅಂದರೆ ದೊರೆ, ಕಾವಲುಗಾರ, ಹೊಳೆ, ಗಾಳಿ, ಬಾಗಿಲ ಚಿಲಕ, ಎಲ್ಲವೂ ನಾಲ್ಕನೆಯವಳು. ಪಾತ್ರಗಳು ಏನು ಮಾಡಲು ಹೊರಡುತ್ತವೆಂದು ಅವರು ಹೇಳಬೇಕು, ಅದು ನಡೆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ, ಮುಂದೇನಾಯಿತೆಂದು ನಾಲ್ಕನೆಯವಳು ಹೇಳುತ್ತಾಳೆ. ಆ ನಾಲ್ಕನೆಯವಳು ನಾನು. ನಿಯಮಗಳನ್ನು ಅಲ್ಲಿಂದ ಇಲ್ಲಿಂದ ಆಯ್ದು, ನಮಗೆ ಬೇಕಾದ ಹಾಗೆ ನಾನೇ ಕಟ್ಟಿದ್ದೆ. ತರಗತಿಯಲ್ಲಿ ಹಾಜರಿ, ಪಾಠ, ಸಂಜೆ ಮನೆಯಲ್ಲಿ ಊಟಕ್ಕೆ ಏನು ಎಂಬ ಪ್ರಶ್ನೆ. ವಾರವಿಡೀ ಇಷ್ಟೇ ಮಾತಾಡುತ್ತಿದ್ದವಳು ನಾನು. ಭಾನುವಾರ ಒಂದು ದಿನ ಇಡೀ ಲೋಕದ ಪರವಾಗಿ ಮಾತಾಡುತ್ತಿದ್ದೆ.

ಆಡುತ್ತಿದ್ದ ಮೂವರೂ ಪದವಿಯ ದಿನಗಳ ಜೊತೆಗಾರರು. ಬ್ಯಾಡರಹಳ್ಳಿಯ ಗಿರೀಶನ ಮನೆಯವರು ಮೊದಲು ರಾಗಿ ಬೆಳೆಯುತ್ತಿದ್ದವರು, ಈಗ ಅದೇ ಹೊಲದ ಅಂಚಿನಲ್ಲಿ ಸಿಮೆಂಟು, ಕಂಬಿ ಮಾರುವ ಅಂಗಡಿ ಇಟ್ಟಿದ್ದಾರೆ. ಅವನ ಪಾತ್ರ ಕತ್ತಿ ಹಿಡಿದ ಕೆಂಪಣ್ಣ. ವಿಜಯನಗರದ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಸಮೀರನದು ಬೀಗ ತೆಗೆಯುವ ಕಳ್ಳ. ಬಸವೇಶ್ವರನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂರುತ್ತಿದ್ದ ನಂದಿನಿಯದು ಹೊನ್ನಿ. ಬೇಕಾದ ಪ್ರಾಣಿಯಾಗಿ ಮೈ ಬದಲಿಸಬಲ್ಲವಳು.

ಆ ಮಳೆಗಾಲದ ಕಥೆ ಹೀಗಿತ್ತು. ಒಬ್ಬ ದೊರೆ ಆಕಾಶದ ಮೋಡಗಳನ್ನೆಲ್ಲ ಹಿಡಿದು ಹಸುಗಳ ರೂಪ ಕೊಟ್ಟು ತನ್ನ ಕೋಟೆಯ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದಾನೆ. ಲೋಕಕ್ಕೆ ಮಳೆಯಿಲ್ಲ. ಮೂವರೂ ಸೇರಿ ಅವುಗಳನ್ನು ಬಿಡಿಸಿ ತರಬೇಕು. ಮೊದಲ ಭಾನುವಾರ ನಾನಿದನ್ನು ಹೇಳುತ್ತಿರುವಾಗಲೇ ಹೊರಗೆ ಜೋರು ಮಳೆ ಸುರಿದು, ಶೀಟಿನ ಮೇಲಿನ ಸದ್ದಿಗೆ ನನ್ನ ದನಿ ಮುಳುಗಿಹೋಯಿತು.

ಸಮೀರ ಕೈಯನ್ನು ಬಾಯಿಗೆ ಕೊಳವೆ ಮಾಡಿ ಕೂಗಿದ: "ಮೇಡಂ, ನಿಮ್ ದೊರೆ ಒಂದ್ ಮೋಡ ಕಟ್ಟೋದು ಮರ್ತಿದಾನೆ!"

ಮಳೆ ಜೋರಾದರೆ ಆಟ ನಿಲ್ಲಿಸಿ ಸುಮ್ಮನೆ ಕೂರುವುದು ಅವತ್ತಿನಿಂದ ರೂಢಿಯಾಯಿತು. ಮಳೆ ಇಳಿಯುತ್ತಿದ್ದಂತೆ ಪಕ್ಕದ ಸೈಟಿನ ಪೊದೆಯೊಳಗಿಂದ ಕೆಂಬೂತ ಕೂಗುತ್ತಿತ್ತು. ಗಡಿಗೆಯೊಳಗಿಂದ ಬಂದಂಥ ದನಿ. ಅದು ಕೂಗಿದರೆ ಆಟ ಮತ್ತೆ ಶುರು. ಹಕ್ಕಿಯನ್ನು ನಾವು ಯಾರೂ ಕಂಡಿರಲಿಲ್ಲ.

ಜೂನ್ ಮುಗಿಯುವಷ್ಟರಲ್ಲಿ ತೊಂದರೆ ಏನೆಂದು ನನಗೆ ಗೊತ್ತಾಗಿತ್ತು. ಹೊನ್ನಿ ಕರಡಿಯಾದರೆ ಕರಡಿಯ ಬಲ, ಕರಡಿಯ ಜೀವ ಎರಡೂ ಅವಳವಾಗುತ್ತಿದ್ದವು. ಕರಡಿ ಏಟು ತಿಂದು ಉರುಳಿದರೆ ಅದರೊಳಗಿಂದ ಹೊನ್ನಿ ಮೈಮೇಲೆ ಒಂದು ಗೀರೂ ಇಲ್ಲದೆ ಎದ್ದು ಬರುತ್ತಿದ್ದಳು. ಕೆಂಪಣ್ಣ ಬಿದ್ದರೆ ಬಿದ್ದ ಹಾಗೆಯೇ. ಗೋಡೆಯ ಆಚೆ ಏನಿದೆಯೆಂದು ತಿಳಿಯಬೇಕಾದರೆ ಹೊನ್ನಿ ಹದ್ದು. ಬಾಗಿಲಿಗೆ ಬೀಗ ಇದ್ದರೆ ಹೊನ್ನಿ ಇಲಿ, ಸಂದಿಯಲ್ಲಿ ನುಸುಳಿ ಒಳಗಿನಿಂದ ಚಿಲಕ ತೆಗೆದಾಯಿತು.

"ಇಲಿ ಬಂದ್ಮೇಲೆ ನನ್ ಕಸುಬು ಹೋಯ್ತು ಗುರು," ಎಂದ ಸಮೀರ. "ಕಳ್ಳ ಅಂತ ಹೆಸರಿಗೆ. ನಿಮ್ ಚೀಲ ಹೊತ್ಕೊಂಡು ಹಿಂದೆ ಬರ್ತಾ ಇದೀನಿ."

ಅವನು ನಗುತ್ತ ಹೇಳಿದ. ಗಿರೀಶ ನಗಲಿಲ್ಲ. ಅವನು ಕತ್ತಿಯ ಪೆಟ್ಟಿಗೆಂದು ದಾಳವನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂರುತ್ತಿದ್ದ, ಅವನ ಸರದಿ ಬರುವ ಹೊತ್ತಿಗೆ ಕರಡಿ ಎಲ್ಲರನ್ನೂ ಕೆಡವಿ ಮುಗಿಸಿರುತ್ತಿತ್ತು.

ನನಗೆ ತಿಳಿದಿದ್ದ ದಾರಿ ಲೆಕ್ಕದ್ದು. ಸ್ಟಾಫ್ ರೂಮಿನಲ್ಲಿ ಊಟದ ಬಿಡುವಿನಲ್ಲಿ ಕೂತು, ಕೆಂಪಣ್ಣನ ಕತ್ತಿ ಒಂದು ಸರದಿಗೆ ಸರಾಸರಿ ಎಷ್ಟು ಪೆಟ್ಟು ಕೊಡುತ್ತದೆ, ಕರಡಿಯ ಪಂಜ ಎಷ್ಟು ಕೊಡುತ್ತದೆ ಎಂದು ಬಿಡಿಸಿದೆ. ಮೊದಲು, ದಿನಕ್ಕೆ ಒಂದೇ ಸಲ ಮೈ ಬದಲಿಸಬಹುದು ಎಂದು ನಿಯಮ ಮಾಡಿದೆ. ನಂದಿನಿ ಒಪ್ಪಿದಳು. ಆ ಭಾನುವಾರ ಮೊದಲ ಜಗಳದಲ್ಲೇ ಕರಡಿಯಾಗಿ ಗೆದ್ದು, "ಸರಿ, ಈಗ ಎಲ್ರೂ ಮಲಗೋಣ. ಬೆಳಗಾದ್ಮೇಲೆ ಮುಂದಕ್ಕೆ," ಎಂದಳು. ಕಥೆಯಲ್ಲಿ ಆಗ ಬೆಳಗ್ಗೆ ತಿಂಡಿಯ ಹೊತ್ತು. ಎರಡನೆಯ ಜಗಳ ಆದ ಮೇಲೂ ಮಲಗಿದರು. ಲೋಕಕ್ಕೆ ಮಳೆ ತರಬೇಕಾದ ಮೂವರು ವೀರರು ಆ ಮಧ್ಯಾಹ್ನ ಕಥೆಯ ಬಹುಪಾಲನ್ನು ನಿದ್ದೆಯಲ್ಲಿ ಕಳೆದರು.

ಕಾಫಿ ತಂದ ದೊಡ್ಡಮ್ಮ ಬಾಗಿಲಲ್ಲಿ ನಿಂತು ಕೇಳಿದರು: "ಏನ್ರೋ, ರಾಕ್ಷಸ ಸತ್ನಾ?"

"ಇಲ್ಲ ಆಂಟಿ, ನಾವೇ ಮಲಗಿದೀವಿ," ಎಂದ ಸಮೀರ.

ಮುಂದಿನ ವಾರ ಆ ನಿಯಮ ತೆಗೆದು ಕರಡಿಯ ಜೀವವನ್ನೂ ಬಲವನ್ನೂ ಅರ್ಧಕ್ಕೆ ಇಳಿಸಿದೆ. ಕಾಗದದ ಮೇಲೆ ಸರಾಸರಿಗಳು ಸಮ ಬಂದವು. ಭಾನುವಾರ ಸಮ ಬರಲಿಲ್ಲ. ಕರಡಿ ಎರಡು ಏಟಿಗೇ ಬಿದ್ದುಹೋಯಿತು. ನಂದಿನಿ ಆಮೇಲೆ ಏನೂ ಆಗಲಿಲ್ಲ, ಬರಿಯ ಹೊನ್ನಿಯಾಗಿ ಎಲ್ಲರ ಹಿಂದೆ ನಡೆದಳು. "ನಿನ್ನ ಸರದಿ," ಎಂದರೆ, "ಏನಿಲ್ಲ, ಮುಂದಕ್ಕೆ ಹೋಗಿ," ಎಂದಳು. ಆಟ ಮುಗಿದ ಮೇಲೆ ಅವಳನ್ನು ಬಸ್ ಸ್ಟಾಪಿನವರೆಗೆ ಕಳಿಸಲು ಹೋದೆ. ಒಂದೇ ಛತ್ರಿ. ಅವಳ ಬಲ ಭುಜ, ನನ್ನ ಎಡ ಭುಜ ನೆನೆಯುತ್ತಿದ್ದವು.

"ಬೇಜಾರಾ?" ಎಂದೆ.

"ಬೇಜಾರಲ್ಲ ಕಣೇ. ಕ್ಲಿನಿಕ್ಕಲ್ಲಿ ಬೆಳಗ್ಗಿಂದ ಸಂಜೆ ತಂಕ ಒಂದೇ ಮುಖ ಹಾಕ್ಕೊಂಡು ಕೂತಿರ್ತೀನಿ. ಬನ್ನಿ ಸಾರ್, ಕೂತ್ಕೊಳಿ ಸಾರ್, ಡಾಕ್ಟ್ರು ಬರ್ತಾರೆ. ನೋವಿರೋವ್ರು ನನ್ ಮೇಲೆ ರೇಗ್ತಾರೆ, ಆಗ್ಲೂ ಅದೇ ಮುಖ. ಇಲ್ಲಾದ್ರೂ ಬೇರೆ ಏನಾದ್ರೂ ಆಗ್ಬಹುದು ಅಂತ ಬರ್ತೀನಿ. ಇಲ್ಲೂ ಆಗ್ಬೇಡ ಅಂದ್ರೆ..."

ಬಸ್ಸು ಬಂದದ್ದರಿಂದ ಅವಳು ಅದನ್ನು ಮುಗಿಸಲಿಲ್ಲ. ಕಿಟಕಿಯಿಂದ ಕೈಬೀಸಿದಳು.

ನಾನು ಅರ್ಧ ಮಾಡಿದ್ದನ್ನು ಪೂರ್ತಿ ಮಾಡಿದೆ. ಕರಡಿ ಮತ್ತೆ ಮೊದಲಿನ ಕರಡಿಯಾಯಿತು. ಅದರ ಮುಂದಿನ ಭಾನುವಾರ ಆಟ ಮುಗಿದು ಎಲ್ಲರೂ ಇಳಿಯುತ್ತಿದ್ದಾಗ ಗಿರೀಶ ಮೆಟ್ಟಿಲ ತಿರುವಿನಲ್ಲಿ ನಿಂತ.

"ಸಿಂಧು, ನಾನಿನ್ನು ಬರಲ್ಲ ಕಣೇ."

"ಅಂಗಡೀಲಿ ಕೆಲಸಾನಾ?"

"ಕೆಲ್ಸ ಯಾವಾಗಿಲ್ಲ. ಅದಲ್ಲ. ಮಾಗಡಿ ರೋಡ್ ಟ್ರಾಫಿಕ್ಕಲ್ಲಿ ಬಂದು, ನಂದಿನಿ ಆಡೋದು ನೋಡ್ಕೊಂಡು ವಾಪಸ್ ಹೋಗ್ತೀನಿ. ಮ್ಯಾಚ್ ಆದ್ರೆ ಮನೇಲೇ ಟೀವೀಲಿ ನೋಡ್ಬಹುದು." ಒಂದು ಮೆಟ್ಟಿಲು ಇಳಿದು ಸೇರಿಸಿದ: "ಅವಳ ಮೇಲೆ ಕೋಪ ಇಲ್ಲ. ಅವಳಿಗೆ ಹೇಳ್ಬೇಡ."

ಮೂವರಿಂದ ಆಟ ನಡೆಯುವುದಿಲ್ಲವೆಂದೇನೂ ಇಲ್ಲ. ಆದರೆ ಒಬ್ಬ ಬಿಟ್ಟರೆ ಇನ್ನೊಬ್ಬರಿಗೆ ಒಂದು ಭಾನುವಾರ ಏನೋ ಕೆಲಸ ಬರುತ್ತದೆ, ಮತ್ತೊಬ್ಬರಿಗೆ ನೆಗಡಿಯಾಗುತ್ತದೆ. ಮಳೆ ನಿಂತರೆ ಶೀಟು ಇಳಿಯುತ್ತದೆ. ಆ ಮೇಜು ಒಮ್ಮೆ ಖಾಲಿಯಾದರೆ ಮತ್ತೆ ಕೂಡಿಸುವ ಸಾಮರ್ಥ್ಯ ನನಗಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಯಾರನ್ನೂ ಕರೆದು ಅಭ್ಯಾಸವಿಲ್ಲದವಳು ನಾನು. ಇವರೆಲ್ಲ ಹೇಗೋ ತಾವಾಗಿ ಬಂದು ಕೂತವರು.

"ಮುಂದಿನ ವಾರ ಒಂದು ಬಾ. ಕೊಟ್ಟಿಗೆಗೆ ನುಗ್ಗೋದಿದೆ. ಕೆಂಪಣ್ಣ ಇಲ್ದೆ ಆಗಲ್ಲ," ಎಂದೆ.

"ಆಗುತ್ತೆ. ಆಗ್ತಾನೇ ಇದೆಯಲ್ಲ," ಎಂದ. ಆದರೂ ಬಂದ.

ಅವತ್ತಿನ ಯೋಜನೆ ನಂದಿನಿಯದು. ಮೋಡಗಳೆಲ್ಲ ಹಸುಗಳಾಗಿ ಕೊಟ್ಟಿಗೆಯಲ್ಲಿವೆ. ಹೊನ್ನಿಯೂ ಒಂದು ಹಸುವಾಗಿ ಸಂಜೆ ಮೇವಿನಿಂದ ಮರಳುವ ದೊರೆಯ ಸಾಧಾರಣ ದನಗಳ ಜೊತೆ ಒಳಗೆ ಸೇರಿಕೊಳ್ಳುವುದು. ಎಲ್ಲವೂ ಸರಿಯಾಗಿ ನಡೆಯಿತು. ಹೊನ್ನಿ ಕೊಟ್ಟಿಗೆಯೊಳಗೆ ಮಲಗಿದ್ದಾಳೆ. ದನ ಕಾಯುವ ಮುದುಕ ಕಂದೀಲು ಹಿಡಿದು ಒಂದು ಸುತ್ತು ಬರುತ್ತಿದ್ದಾನೆ. ಆ ಮುದುಕ ನಾನು.

"ಅವನು ಹತ್ತಿರ ಬಂದು ಒಂದೊಂದೇ ಹಸುವನ್ನು ಎಬ್ಬಿಸ್ತಾನೆ. ನಿನ್ನ ಬೆನ್ನು ತಟ್ಟಿದ," ಎಂದೆ.

"ಏಳ್ತೀನಿ," ಎಂದಳು ನಂದಿನಿ. ನಾಟಕ ಮಾಡಿ ಹೇಳುವುದು ಅವಳಿಗೆ ಇಷ್ಟ. "ಮುಂದಿನ ಎರಡು ಕಾಲು ಊರಿ, ಎದೆ ಎತ್ತಿ, ಗಂಟೆ ಅಲ್ಲಾಡಿಸ್ಕೊಂಡು ನಿಧಾನಕ್ಕೆ ಎದ್ದು ನಿಂತೆ."

ಗಿರೀಶ ಕಿಸಕ್ಕನೆ ನಕ್ಕ. ಎಷ್ಟೋ ವಾರಗಳ ಮೇಲೆ ನಕ್ಕಿದ್ದ.

"ಹಸು ಹಂಗೆ ಏಳಲ್ಲ ಕಣೇ. ಅದು ಕುದುರೆ. ಹಸು ಮೊದ್ಲು ಹಿಂದ್ಗಡೆ ಎತ್ತುತ್ತೆ. ಮುಂದಿನ ಮಂಡಿ ಮೇಲೆ ಕೂತಿರುತ್ತೆ, ಸೊಂಟ ಮೇಲಕ್ಕೆ ಹೋಗುತ್ತೆ, ಆಮೇಲೆ ಮುಂದಿನ ಕಾಲು."

"ಹೋಗೋ! ನಮ್ ಕ್ಲಿನಿಕ್ ಮುಂದೆ ದಿನಾ ನಾಲ್ಕು ಮಲಗಿರ್ತವೆ."

"ಮಲಗಿರೋದು ನೋಡಿದೀಯ. ಏಳೋದು ನೋಡಿದೀಯಾ?"

ಸಮೀರ ಫೋನು ತೆಗೆದು ಹುಡುಕಲು ಹೊರಟ. ಅಷ್ಟರಲ್ಲಿ ನನ್ನೊಳಗಿನ ಮುದುಕ ಕಂದೀಲನ್ನು ಮೇಲೆತ್ತಿದ್ದ. ಜೀವಮಾನವಿಡೀ ದನಗಳ ನಡುವೆ ಇದ್ದವನು ಅವನು.

"ಮುದುಕ ನಿಂತುಬಿಟ್ಟ," ಎಂದೆ. "ಕಂದೀಲು ಹತ್ತಿರ ತಂದು ನಿನ್ನ ಮುಖ ನೋಡ್ತಾನೆ. ಇಷ್ಟು ವರ್ಷದಲ್ಲಿ ಮುಂದಿನ ಕಾಲು ಮೊದಲು ಊರಿ ಎದ್ದ ಹಸುವನ್ನು ಅವನು ಕಂಡಿಲ್ಲ. ಬಾಗಿಲಿಗೆ ಓಡಿದ. ಗಂಟೆ ಹೊಡೀತಾ ಇದೆ."

ನಂದಿನಿಗೆ ಸಿಟ್ಟು ಬರಬಹುದೆಂದು ನಾನು ಕಾದೆ. ಅವಳು ಎರಡೂ ಕೈಯಿಂದ ಮೇಜನ್ನು ಹಿಡಿದು ಮುಂದಕ್ಕೆ ಬಾಗಿದ್ದಳು, ಕಣ್ಣುಗಳು ಅಗಲವಾಗಿದ್ದವು. "ಅಯ್ಯೋ, ಸಿಕ್ಕಾಕ್ಕೊಂಡೆ," ಎಂದಳು ಖುಷಿಯಲ್ಲಿ. "ಕೆಂಪಣ್ಣಾ!"

ಗಿರೀಶ ಆಗಲೇ ದಾಳ ಎತ್ತಿದ್ದ. ಕೋಟೆಯ ಬಾಗಿಲಲ್ಲಿ ಕೆಂಪಣ್ಣ, ಕೊಟ್ಟಿಗೆಯಿಂದ ಹೊರಬರಲು ಬೀಗದ ಮುಂದೆ ಸಮೀರನ ಕಳ್ಳ. ಆ ಮಧ್ಯಾಹ್ನ ಮೂವರೂ ಒಟ್ಟಿಗೆ ಓಡಿದರು, ಒಟ್ಟಿಗೆ ಸೋತರು, ಕೋಟೆಯ ಹೊರಗಿನ ಕಂದಕದಲ್ಲಿ ಕೆಸರು ಮೆತ್ತಿಕೊಂಡು ಬಿದ್ದರು. ಮೋಡಗಳು ಒಳಗೇ ಉಳಿದವು. ಮುಂದಿನ ವಾರ ಬರುತ್ತೀಯಾ ಎಂದು ನಾನು ಗಿರೀಶನನ್ನು ಕೇಳಲಿಲ್ಲ. ಅವನು ಹೋಗುವಾಗ ಚಪ್ಪಲಿ ಮೆಟ್ಟುತ್ತ, "ಆ ಮುದುಕನ್ನ ಬಿಡಲ್ಲ ನಾನು," ಎಂದ.

ಹೊಸ ನಿಯಮಕ್ಕೆ ಲೆಕ್ಕ ಬೇಕಾಗಲಿಲ್ಲ. ಹೊನ್ನಿ ಎಷ್ಟು ಸಲ ಬೇಕಾದರೂ ಮೈ ಬದಲಿಸಬಹುದು, ಬಲವೂ ಪೂರ್ತಿ ಇರುತ್ತದೆ. ಆದರೆ ನಂದಿನಿ ಕಣ್ಣಾರೆ ಕಂಡ ಪ್ರಾಣಿ ಮಾತ್ರ. ಸುಮ್ಮನೆ ಕಂಡರೆ ಸಾಲದು, ಕೂತು ನೋಡಿರಬೇಕು. ನಮಗೆ ಗೊತ್ತಿಲ್ಲದ ಮೂರು ವಿಷಯ ಅದರ ಬಗ್ಗೆ ಬಂದು ಹೇಳಬೇಕು. ಫೋನಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ.

"ಕರಡಿ?" ಎಂದಳು ನಂದಿನಿ.

"ಕಂಡಿದೀಯಾ?"

"ಚಿಕ್ಕೋಳಿದ್ದಾಗ ಬನ್ನೇರುಘಟ್ಟದಲ್ಲಿ. ಅದು ಮಲಗಿತ್ತು." ಅವಳು ಸ್ವಲ್ಪ ಯೋಚಿಸಿದಳು. ಆ ಮಳೆಗಾಲದಲ್ಲಿ ಅಲ್ಲಿಯವರೆಗೆ ಹೆಚ್ಚು ಹೊತ್ತು ಅವಳು ಕರಡಿಯಾಗಿಯೇ ಇದ್ದಳು. "ಸರಿ, ಬೇಡ ಬಿಡು. ಅದು ನಿಜವಾಗ್ಲೂ ಕರಡಿ ಆಗಿರ್ಲಿಲ್ಲ. ಕೋಪ ಮಾಡ್ಕೊಂಡಿರೋ ನಾನಷ್ಟೇ."

ಆಗಸ್ಟಿನ ಭಾನುವಾರಗಳು ವರದಿಗಳಿಂದ ಶುರುವಾಗುತ್ತಿದ್ದವು. ಹಲ್ಲಿಯ ವರದಿ ಬಂತು: ಕ್ಲಿನಿಕ್ಕಿನ ಟ್ಯೂಬ್‌ಲೈಟಿನ ಹಿಂದಿನದು. ಹುಳಕ್ಕೆ ಹಾರುವ ಮೊದಲು ಬಾಲದ ತುದಿ ಮಾತ್ರ ಅಲ್ಲಾಡಿಸುತ್ತದೆ, ಕಣ್ಣನ್ನು ನಾಲಿಗೆಯಿಂದ ಒರೆಸಿಕೊಳ್ಳುತ್ತದೆ. ಹದ್ದಿಗಾಗಿ ಅವಳು ಮೆಟ್ರೋ ಪ್ಲಾಟ್‌ಫಾರಂನ ತುದಿಯಲ್ಲಿ ನಿಂತು ಮೂರು ರೈಲು ಬಿಟ್ಟಳಂತೆ. ಹೆಗ್ಗಣವನ್ನು ವಿಜಯನಗರದ ಮಾರ್ಕೆಟ್ಟಿನ ಹಿಂದೆ ನೋಡಲು ಸಮೀರನೂ ಜೊತೆಗೆ ಹೋದ.

"ಮಚ್ಚಾ, ಹೆಗ್ಗಣಕ್ಕೆ ನಮಗಿಂತ ಟ್ರಾಫಿಕ್ ಸೆನ್ಸ್ ಇದೆ," ಎಂದು ಅವನು ಗಿರೀಶನಿಗೆ ಹೇಳಿದ. "ಗೋಡೆ ಬಿಟ್ಟು ಬರಲ್ಲ. ಒಂದೇ ಸೈಡು. ನಿನ್ ಟೆಂಪೋ ಡ್ರೈವರ್‌ಗೆ ತೋರ್ಸು."

ಇದರಿಂದ ಒಂದು ವಿಚಿತ್ರವಾಯಿತು. ಹೊನ್ನಿ ಬೀಗದ ಬಾಗಿಲ ಬಳಿ ಹೆಗ್ಗಣವಾಗಬಹುದಿತ್ತು. ಆದರೆ ಹೆಗ್ಗಣ ಬಯಲನ್ನು ದಾಟುವುದಿಲ್ಲವೆಂದು ಈಗ ಅವಳಿಗೇ ಗೊತ್ತು. ಗೋಡೆ ಹಿಡಿದು ಸುತ್ತಿ ಹೋಗುವಷ್ಟರಲ್ಲಿ ಸಮೀರ ಬೀಗ ತೆಗೆದಿರುತ್ತಿದ್ದ. ಹದ್ದಾಗಿ ಹಾರಿದರೆ ಕಾಗೆಗಳು ಬೆನ್ನಟ್ಟುತ್ತಿದ್ದವು, ಆಗ ಕೆಳಗಿನಿಂದ ಕೆಂಪಣ್ಣ ಕಲ್ಲೆಸೆಯಬೇಕಾಗುತ್ತಿತ್ತು. ಪ್ರಾಣಿಯನ್ನು ಹೆಚ್ಚು ಬಲ್ಲಷ್ಟೂ ಅದರಿಂದ ಆಗದ ಕೆಲಸಗಳು ತಿಳಿಯುತ್ತ ಹೋದವು. ನಾನು ಸಂಖ್ಯೆ ಇಳಿಸಿ ಹೇರಲು ಹೋಗಿದ್ದ ಮಿತಿಯನ್ನು ಅವಳು ತಾನೇ ಹುಡುಕಿ ಖುಷಿಯಿಂದ ತರುತ್ತಿದ್ದಳು.

ಹಸುವನ್ನು ನೋಡಲು ನಂದಿನಿಯೂ ನಾನೂ ಒಂದು ಶನಿವಾರ ಬ್ಯಾಡರಹಳ್ಳಿಗೆ ಹೋದೆವು. ಗಿರೀಶನ ಮನೆಯ ಹಿಂದೆ, ಎರಡು ಬಾಡಿಗೆ ಕಟ್ಟಡಗಳ ನಡುವಿನ ಓಣಿಯಲ್ಲಿ, ಅವನ ಅಜ್ಜಿ ಇನ್ನೂ ಎರಡು ಹಸು ಕಟ್ಟಿದ್ದರು. ಮೇಲಿನ ಬಾಲ್ಕನಿಗಳಿಂದ ಒಗೆದ ಬಟ್ಟೆಗಳ ನೀರು ಕೊಟ್ಟಿಗೆಯ ತಗಡಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಹಸು ನೋಡಕ್ಕೆ ಬಂದವ್ರಾ?" ಎಂದು ಅಜ್ಜಿ ಕೇಳಿದರು. "ಹೆಣ್ಣು ನೋಡಕ್ಕೆ ಬತ್ತಾರೆ, ಹಸು ಕೊಳ್ಳಕ್ಕೆ ಬತ್ತಾರೆ. ಬರೀ ನೋಡಕ್ಕೆ ಯಾರವ್ವ ಬತ್ತಾರೆ?"

"ಇವ್ಳು ಹಸು ಆಗ್ಬೇಕಂತೆ ಅಜ್ಜಿ," ಎಂದ ಗಿರೀಶ.

ಅಜ್ಜಿ ನಂದಿನಿಯನ್ನು ಮೇಲಿಂದ ಕೆಳಗೆ ನೋಡಿದರು. "ಆಗವ್ವ. ಹಾಲು ಕೊಡದಾದ್ರೆ ಇಲ್ಲೇ ಇದ್ಬುಡು."

ಹಸು ಏಳಲಿ ಎಂದು ಕಾದೆವು. ಅದಕ್ಕೆ ಅವಸರವಿರಲಿಲ್ಲ. ಮೆಲುಕು ಹಾಕುತ್ತಿತ್ತು, ಕಿವಿಯಿಂದ ನೊಣ ಓಡಿಸುತ್ತಿತ್ತು. ಗಿರೀಶ ತಟ್ಟಿ ಎಬ್ಬಿಸಲು ಹೋದಾಗ ನಂದಿನಿ ಬೇಡವೆಂದಳು. ತುಂಬಾ ಹೊತ್ತಿನ ಮೇಲೆ ಅದು ತಾನಾಗಿ ಒಮ್ಮೆ ದೊಡ್ಡ ಉಸಿರು ಬಿಟ್ಟು, ತಲೆಯನ್ನು ಮುಂದಕ್ಕೆ ಚಾಚಿ, ಹಿಂಭಾಗವನ್ನು ಎತ್ತಿತು. ಒಂದು ಕ್ಷಣ ಮಂಡಿಯೂರಿದ ಹಾಗೆ ನಿಂತು, ಆಮೇಲೆ ಮುಂಗಾಲುಗಳನ್ನು ಒಂದೊಂದಾಗಿ ಊರಿತು. ನಂದಿನಿ ಉಸಿರು ಹಿಡಿದು ನೋಡುತ್ತಿದ್ದಳು. ನಾನು ಹಸುವಿಗಿಂತ ಹೆಚ್ಚಾಗಿ ಅವಳನ್ನು ನೋಡಿದೆ. ಕ್ಲಿನಿಕ್ಕಿನ ಮುಖ ಅದಾಗಿರಲಿಲ್ಲ. ಅವಳಿಗೆ ಆ ಹೊತ್ತಿನಲ್ಲಿ ಮುಖವಿದೆ ಎಂಬುದೇ ಮರೆತಿತ್ತು.

ಗಣೇಶನ ಹಬ್ಬ ಕಳೆಯಿತು. ದೊಡ್ಡಪ್ಪ ಮೇಸ್ತ್ರಿಯನ್ನು ಕರೆಸಿ ರೂಮಿನ ಅಳತೆ ತೆಗೆಸಿದರು. ಕಂಬಿ, ಸಿಮೆಂಟು ಗಿರೀಶನ ಅಂಗಡಿಯಿಂದಲೇ ಬರಬೇಕೆಂದು ಮಾತಾಯಿತು. ಶೀಟು ಇಳಿಸುವ ಮುಂಚಿನ ಕೊನೆಯ ಭಾನುವಾರ ಕಥೆಯಲ್ಲೂ ಕೊನೆಯ ದಿನ. ಅಂದು ಮೋಡ ಬಿಡಿಸದಿದ್ದರೆ ಅವು ಯಾವತ್ತಿಗೂ ಅಲ್ಲೇ.

ಕೆಂಪಣ್ಣ ಕೋಟೆಯ ಬಾಗಿಲಿಗೆ ಒಬ್ಬನೇ ಹೋದ. ಕಾವಲುಗಾರರನ್ನು ತನ್ನತ್ತ ಸೆಳೆದು ನಿಲ್ಲಿಸುವುದು ಅವನ ಕೆಲಸ. ಗಿರೀಶ ದಾಳ ಎಸೆದ, ಹಸಿರು ದಾಳ ಮೇಜಿನ ಅಂಚಿನವರೆಗೆ ಉರುಳಿ ಸೊನ್ನೆಯಿಲ್ಲದ ಇಪ್ಪತ್ತನ್ನು ಮೇಲೆ ಮಾಡಿ ನಿಂತಿತು. ಅವನು ಎದ್ದು ನಿಂತುಬಿಟ್ಟ. ಕರಡಿ ಬೇಕೆಂದು ಯಾರಿಗೂ ನೆನಪಾಗಲಿಲ್ಲ. ಸಮೀರ ಕೊಟ್ಟಿಗೆಯ ಹಿಂದಿನ ಬೀಗ ತೆಗೆದು ಕತ್ತಲಲ್ಲಿ ಕೂತ. ಹೊನ್ನಿ ಮೋಡಗಳ ನಡುವೆ ಹಸುವಾಗಿ ಮಲಗಿದಳು. ಮುದುಕ ಕಂದೀಲು ಹಿಡಿದು ಬಂದ. ಅವನಿಗೆ ಈ ಸಲ ಮೊದಲೇ ಅನುಮಾನವಿತ್ತು. ಒಂದೊಂದು ಹಸುವಿನ ಮುಂದೆಯೂ ನಿಂತು ನಿಂತು ಬಂದ.

ಅಷ್ಟರಲ್ಲಿ ಮಳೆ. ಶೀಟಿನ ಮೇಲೆ ಜಲ್ಲಿ ಸುರಿದ ಹಾಗೆ. ನಾನು, "ನಿನ್ನ ಬೆನ್ನು ತಟ್ಟಿದ," ಎಂದದ್ದು ನನಗೇ ಕೇಳಿಸಲಿಲ್ಲ. ರೂಢಿಯಂತೆ ನಿಲ್ಲಿಸಿ ಕಾಯಬೇಕಿತ್ತು. ನಾನು ಕೈ ಚಾಚಿ ಗಾಳಿಯಲ್ಲಿ ಎರಡು ಸಲ ತಟ್ಟಿ ತೋರಿಸಿದೆ.

ನಂದಿನಿ ಕುರ್ಚಿ ಹಿಂದಕ್ಕೆ ಸರಿಸಿ ನೆಲಕ್ಕಿಳಿದಳು. ಚೂಡಿದಾರದ ದುಪಟ್ಟಾ ತೆಗೆದು ಸಮೀರನ ಕೈಗೆ ಕೊಟ್ಟಳು. ತಣ್ಣನೆಯ ಸಿಮೆಂಟು ನೆಲದ ಮೇಲೆ ಕೈಕಾಲು ಮಡಚಿ ಮಲಗಿ, ನಮ್ಮ ಯಾರ ಕಡೆಗೂ ನೋಡದೆ, ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟದ್ದು ಅವಳ ಬೆನ್ನಿನಲ್ಲಿ ಕಂಡಿತು. ತಲೆ ಮುಂದಕ್ಕೆ ಹೋಯಿತು. ಸೊಂಟ ಮೇಲೆದ್ದಿತು. ಮೊಣಕೈಗಳ ಮೇಲೆ ನಿಂತು, ತಡೆದು, ಒಂದು ಅಂಗೈ ಊರಿದಳು, ಇನ್ನೊಂದು ಅಂಗೈ ಊರಿದಳು. ಕೊನೆಗೆ ತಲೆಯನ್ನು ಒಮ್ಮೆ ಕೊಡವಿದಳು. ನೊಣ ಓಡಿಸಿದ ಹಾಗೆ.

ಗಿರೀಶ ಮೇಜಿನ ಮೇಲೆ ಗಲ್ಲವೂರಿ ನೋಡುತ್ತಿದ್ದವನು ನಿಧಾನವಾಗಿ ತಲೆಯಾಡಿಸಿದ. ನಾನು ಕಾಣದ ಕಂದೀಲನ್ನು ಕೆಳಗಿಳಿಸಿ, ಪಕ್ಕದ ಹಸುವಿನ ಕಡೆಗೆ ತಿರುಗಿದೆ. ಮುದುಕ ಮುಂದಕ್ಕೆ ಹೋದ.

ಬಾಗಿಲಲ್ಲಿ ದೊಡ್ಡಮ್ಮ ಕಾಫಿ ತಟ್ಟೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮಳೆ ಸ್ವಲ್ಪ ಇಳಿದ ಮೇಲೆ ಅವರ ದನಿ ಕೇಳಿಸಿತು: "ಏಳಮ್ಮ, ನೆಲ ತಣ್ಣಗಿದೆ. ಹುಡುಗರಿಗೆ ಹುಚ್ಚು, ನಿನಗೇನಾಯ್ತು?" ತಟ್ಟೆ ಮೇಜಿನ ಮೇಲಿಟ್ಟು, ಹೋಗುವಾಗ ತಿರುಗಿ ನಂದಿನಿಗೆ ಹೇಳಿದರು: "ಎದ್ದಿದ್ದು ಮಾತ್ರ ನಮ್ಮೂರ ಕೊಟ್ಟಿಗೆಯ ಗೌರಿ ಎದ್ದ ಹಾಗೇ ಇತ್ತು."

ಹಸುಗಳು ಒಂದೊಂದಾಗಿ ಹೊರಬಂದು, ಬಯಲು ಮುಟ್ಟುತ್ತಲೇ ಮೇಲಕ್ಕೆ ಎದ್ದು ಮೋಡಗಳಾದವು. ಅದನ್ನು ನಾನು ಚೆನ್ನಾಗಿ ಹೇಳಿದೆನೆಂದು ಸಮೀರ ಇವತ್ತಿಗೂ ನೆನೆಸುತ್ತಾನೆ. ಏನು ಹೇಳಿದೆನೋ ನನಗೆ ನೆನಪಿಲ್ಲ. ಕಾಫಿ ಕುಡಿಯುತ್ತ ಯಾರೂ ಏಳಲಿಲ್ಲ. ರೂಮು ಹೋದರೆ ಆಟ ಎಲ್ಲಿ ಎಂಬ ಮಾತನ್ನು ಎತ್ತಲು ನನಗೆ ಧೈರ್ಯ ಸಾಲದೆ ದಾಳಗಳನ್ನು ಡಬ್ಬಿಗೆ ತುಂಬತೊಡಗಿದೆ. ಹಸಿರು ದಾಳ ಸಿಗಲಿಲ್ಲ. ಗಿರೀಶ ಎದ್ದು ನಿಂತಾಗ ಎಲ್ಲೋ ಬಿದ್ದಿರಬೇಕು.

"ನಮ್ಮಂಗಡಿ ಮೇಲೆ ಒಂದು ಗೋಡೌನ್ ಇದೆ," ಎಂದ ಗಿರೀಶ, ಲೋಟದ ತಳ ನೋಡುತ್ತ. "ಭಾನುವಾರ ಖಾಲಿ. ಅದೂ ಶೀಟೇ."

"ಮತ್ತೆ ಶೀಟಾ!" ಎಂದು ಸಮೀರ ಹಣೆ ಬಡಿದುಕೊಂಡ.

"ಮುಂದಿನ ಕಥೆ ನಾನು ನಡೆಸ್ತೀನಿ," ಎಂದಳು ನಂದಿನಿ. ಅವಳು ಇನ್ನೂ ಅಂಗೈಯ ಧೂಳು ಒರೆಸಿಕೊಳ್ಳುತ್ತಿದ್ದಳು. "ಹೊನ್ನಿ ಇನ್ಮೇಲೆ ಸಿಂಧುದು. ಎಲ್ರನ್ನೂ ಆಡಿಸಿ ಆಯ್ತು, ಇವಳು ಒಂದ್ಸಲ ಆಡ್ಲಿ."

ನಾನು ನಕ್ಕು ಸುಮ್ಮನಾಗಲು ನೋಡಿದೆ. ಅವರು ಮೂವರೂ ನನ್ನನ್ನೇ ನೋಡುತ್ತಿದ್ದರು.

"ನಿಯಮ ನಿಂದೇ," ಎಂದಳು ನಂದಿನಿ. "ನೀನೇನ್ ನೋಡಿದೀಯ ಹೇಳು. ಏನಾಗ್ತೀಯ?"

ಪಕ್ಕದ ಸೈಟಿನಲ್ಲಿ ಕೆಂಬೂತ ಕೂಗಿತು. ಒಂದು ಮಳೆಗಾಲ ಪೂರ್ತಿ ದೊರೆಯಾಗಿದ್ದೆ, ಮುದುಕನಾಗಿದ್ದೆ, ಹೊಳೆಯಾಗಿದ್ದೆ. ಕೂತು ನೋಡಿದ್ದು ಏನೂ ಇರಲಿಲ್ಲ. "ಮುಂದಿನ ವಾರ ಹೇಳ್ತೀನಿ," ಎಂದೆ.

ಮರುದಿನ ಬೆಳಗ್ಗೆ ಕಾಲೇಜಿಗೆ ಹೊರಟವಳು ಗೇಟಿನಿಂದ ಬಲಕ್ಕೆ ಮೆಟ್ರೋ ಕಡೆಗೆ ತಿರುಗದೆ ಎಡಕ್ಕೆ ತಿರುಗಿ, ಖಾಲಿ ಸೈಟಿನ ಮೊಣಕಾಲೆತ್ತರದ ಗೋಡೆಯ ಬಳಿ ನಿಂತೆ. ಹರಳೆಲೆಗಳಿಂದ ರಾತ್ರಿಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಹುಲ್ಲಿನ ತುದಿಗಳು ಒಂದು ಗೆರೆಯಲ್ಲಿ ಅಲ್ಲಾಡುತ್ತ ಬಂದವು, ಲಂಟಾನದ ಬುಡದಲ್ಲಿ ಒಂದು ಕೆಂಪು ಕಣ್ಣು ಕಾಣಿಸಿತು. ನಾನಂದುಕೊಂಡಿದ್ದಕ್ಕಿಂತ ದೊಡ್ಡ ಹಕ್ಕಿ. ಮೈ ಕಪ್ಪು, ರೆಕ್ಕೆ ತಾಮ್ರದ ಬಣ್ಣ. ಅದು ಮೇಲಕ್ಕೆ ಹಾರಲಿಲ್ಲ. ಕೊಂಬೆಯಿಂದ ಕೊಂಬೆಗೆ ಕಾಲಿಟ್ಟು, ಮೆಟ್ಟಿಲು ಹತ್ತುವವರ ಹಾಗೆ ಹತ್ತಿತು. ತುದಿ ತಲುಪಿ ಸುತ್ತ ನೋಡಿತು. ಕೂಗುವ ಮೊದಲು ತಲೆ ಬಗ್ಗಿಸಿತು, ಕೊಕ್ಕು ಎದೆಗೆ ತಾಗುವಷ್ಟು. ದನಿ ಆ ಬಗ್ಗಿದ ಎದೆಯೊಳಗಿಂದ ಬಂತು.

ಎರಡು ವಿಷಯ ಸಿಕ್ಕಿದ್ದವು. ಚೀಲವನ್ನು ಗೋಡೆಯ ಮೇಲಿಟ್ಟು, ಮೂರನೆಯದಕ್ಕೆ ಕಾಯುತ್ತ ನಿಂತೆ.